ನಾಲ್ಕು ಕಡವುಗಳ ಲೆಕ್ಕ

ಮೂವತ್ತನಾಲ್ಕು ವರ್ಷಕಾಲ ಸಾಗರದ ಕಡೆಯ ಪಾಠಶಾಲೆಗಳಲ್ಲಿ ಸಂಸ್ಕೃತ ಕನ್ನಡಗಳನ್ನು ಬೋಧಿಸಿ ಕಳೆದ ವರ್ಷ ನಿವೃತ್ತಿಹೊಂದಿದ ನಮಗೆ, ಪಾಠ ಹೇಳುವುದಕ್ಕಿಂತಲೂ ಹೆಚ್ಚಿನ ಹೆಸರನ್ನು ತಂದುಕೊಟ್ಟ ವಿದ್ಯೆಯೊಂದಿದ್ದಿತು. ಅದು ವೇಳಾಪಟ್ಟಿಯನ್ನು ಹಾಕುವ ವಿದ್ಯೆ. ಒಂಬತ್ತು ಮಂದಿ ಉಪಾಧ್ಯಾಯರನ್ನು ಹನ್ನೆರಡು ತರಗತಿಗಳಿಗೆ ಹಂಚಿ, ಊಟವಾದೊಡನೆ ಯಾವ ಹುಡುಗರಿಗೂ ವ್ಯಾಯಾಮ ಬಾರದಂತೆಯೂ, ಗಣಿತದ ಮೇಷ್ಟರಿಗೂ ಇಂಗ್ಲಿಷಿನ ಮೇಷ್ಟರಿಗೂ ಜಗಳ ಹತ್ತದಂತೆಯೂ ಕಾಗದಕ್ಕೆ ಗೆರೆಹೊಡೆದು ತುಂಬಿಸುವುದು ವ್ಯಾಕರಣದ ಪ್ರಕ್ರಿಯೆಗಿಂತ ಸುಲಭವಲ್ಲವೆಂಬುದನ್ನು ಆ ಕೆಲಸ ಮಾಡಿದವರೆಲ್ಲರೂ ಬಲ್ಲರು. ನಿವೃತ್ತಿಯಾದ ಮೇಲೆ ಈ ವಿದ್ಯೆಗೆ ಮನೆಯಲ್ಲಿ ಗಿರಾಕಿಯಿಲ್ಲದೆ ಹೋಯಿತೆಂದು ನಾವು ಒಳಗೊಳಗೇ ವ್ಯಥೆಪಡುತ್ತಿದ್ದ ಕಾಲದಲ್ಲಿ, ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಗಂಡನೊಡನೆ ವಾಸವಾಗಿರುವ ನಮ್ಮ ಮಗಳು ಒಂದು ದಿನ ರಾತ್ರಿ ಮೊಬೈಲಿನಲ್ಲಿ ಮಾತನಾಡುತ್ತಾ, "ಅಪ್ಪಯ್ಯ, ಬರುವ ಬೇಸಗೆಗೆ ನೀವೂ ಅಮ್ಮನೂ ಬರಲೇಬೇಕು. ಮೋಟಾರಿನಲ್ಲಿ ಬಾಲ್ಟಿಕ್ ಸಮುದ್ರವನ್ನು ಒಂದು ಸುತ್ತು ಸುತ್ತಿ ಬರೋಣ. ಗಾಡಿ ಓಡಿಸುವುದು ನಮ್ಮಿಬ್ಬರ ಪಾಲಿಗೆ, ವೇಳಾಪಟ್ಟಿ ನಿಮ್ಮ ಪಾಲಿಗೆ," ಎಂದಳು.

ನಾವು ಮಾರನೆಯ ದಿನವೇ ಪೇಟೆಗೆ ಹೋಗಿ ಇನ್ನೂರು ಪುಟದ ಒಂದು ನೋಟುಬುಕ್ಕನ್ನೂ ಐರೋಪ್ಯಖಂಡದ ದೊಡ್ಡ ಭೂಪಟವನ್ನೂ ತಂದೆವು.

ಭೂಪಟವನ್ನು ಜಗುಲಿಯ ಮೇಲೆ ಹಾಸಿ ಬೆರಳಿಟ್ಟು ನೋಡಿದಾಗ ಪ್ರದಕ್ಷಿಣೆಯ ಸ್ವರೂಪವು ಹೀಗೆ ಗೊತ್ತಾಯಿತು. ಹ್ಯಾಂಬರ್ಗಿನಿಂದ ಬಡಗಲಾಗಿ ಡೆನ್ಮಾರ್ಕು, ಅಲ್ಲಿಂದ ಸ್ವೀಡನ್ನು, ಅಲ್ಲಿಂದ ಸಮುದ್ರವನ್ನು ದಾಟಿ ಫಿನ್ಲೆಂಡು, ಮರಳಿ ಸಮುದ್ರವನ್ನು ದಾಟಿ ಎಸ್ಟೋನಿಯ, ಆಮೇಲೆ ನೆಲದ ಮೇಲೆಯೇ ಲಾಟ್ವಿಯ, ಲಿಥುವೇನಿಯ, ಪೋಲೆಂಡುಗಳನ್ನು ಹಾದು ಪುನಃ ಜರ್ಮನಿ. ರಸ್ತೆಯ ಲೆಕ್ಕವೇ ಸುಮಾರು ೩,೦೦೦ ಕಿಲೋಮೀಟರು. ಗಾಡಿಯನ್ನು ಹಡಗಿಗೆ ಹತ್ತಿಸಿ ದಾಟಿಸಬೇಕಾದ ಕಡವುಗಳು ನಾಲ್ಕು. ಈ ನಾಲ್ಕರ ಸಂಗತಿಯನ್ನು ಗೃಹಿಣಿಗೆ ಹೇಳಿದಾಗ ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ ಒಂದೇ ಪ್ರಶ್ನೆಯನ್ನು ಕೇಳಿದಳು.

"ಕಡವು ತಪ್ಪಿದರೆ?"

ಈ ಪ್ರಶ್ನೆ ಎಲ್ಲಿಂದ ಬಂದಿತೆಂಬುದು ನಮಗೆ ತಿಳಿಯದುದಲ್ಲ. ಅದನ್ನು ಮುಂದೆ ಹೇಳುವೆವು. ಸದ್ಯಕ್ಕೆ ನಾವು ಉತ್ತರ ಕೊಡದೆ ನೋಟುಬುಕ್ಕಿನಲ್ಲಿ ದಿನ, ಊರು, ದೂರ, ವಸತಿ ಎಂದು ಗೆರೆ ಹಾಕಿದ್ದ ಮನೆಗಳ ಪಕ್ಕಕ್ಕೆ ಐದನೆಯ ಮನೆಯನ್ನು ಎಳೆದು, ಅದರ ತಲೆಯ ಮೇಲೆ "ತಪ್ಪಿದರೆ" ಎಂದು ಬರೆದೆವು.

ಮೊದಲನೆಯ ಕಡವು ಹ್ಯಾಂಬರ್ಗಿನಿಂದ ಸುಮಾರು ೧೫೦ ಕಿಲೋಮೀಟರು ದೂರದ ಪುಟ್‌ಗಾರ್ಡನ್ ಎಂಬ ರೇವಿನಿಂದ ಡೆನ್ಮಾರ್ಕಿನ ರೋಡ್‌ಬಿ ಎಂಬ ರೇವಿಗೆ. ಮುಕ್ಕಾಲು ಗಂಟೆಯ ದಾರಿ. ೧೯೬೩ರಲ್ಲಿ ತೆರೆದ ಈ ಮಾರ್ಗಕ್ಕೆ ಆ ದೇಶದವರು ಹಕ್ಕಿ ಹಾರುವ ದಾರಿಯೆಂದು ಹೆಸರಿಟ್ಟಿರುವರು. ವಲಸೆಹೋಗುವ ಪಕ್ಷಿಗಳು ಉತ್ತರಕ್ಕೂ ದಕ್ಷಿಣಕ್ಕೂ ಹಾಯುವುದು ಇದೇ ನೇರದಲ್ಲಿಯಂತೆ. ೨೦೧೯ರ ವರೆಗೆ ರೈಲುಗಾಡಿಯೇ ಹಳಿಯ ಸಮೇತ ಹಡಗಿನ ಹೊಟ್ಟೆಯೊಳಕ್ಕೆ ನುಗ್ಗಿ ಆಚೆಯ ದಡದಲ್ಲಿ ಇಳಿಯುತ್ತಿದ್ದಿತು. ಈಗ ಅದೇ ಸಮುದ್ರದ ತಳದಲ್ಲಿ ೧೮ ಕಿಲೋಮೀಟರು ಉದ್ದದ ಸುರಂಗವನ್ನು ಕೂರಿಸುತ್ತಿರುವರು. ಅದು ಮುಗಿದಮೇಲೆ ಈ ಕಡವಿನ ಗತಿಯೂ ನಮ್ಮೂರ ಕಡವಿನ ಗತಿಯೇ ಆಗುವುದೆಂದು ತೋರುತ್ತದೆ. ಹಡಗು ಹಗಲೂ ರಾತ್ರಿಯೂ ಸಾಮಾನ್ಯವಾಗಿ ಅರ್ಧ ಗಂಟೆಗೊಂದರಂತೆ ಹೊರಡುವುದರಿಂದ ಐದನೆಯ ಮನೆಯಲ್ಲಿ "ಮುಂದಿನದು ಅರ್ಧ ಗಂಟೆಗೆ" ಎಂದು ಬರೆದು ಗೃಹಿಣಿಗೆ ತೋರಿಸಿದೆವು. ಆಕೆ ಓದಿ, "ಸರಿ," ಎಂದಳು.

ಇಲ್ಲಿ ಕೇವುಗಳ ಮಾತು. ಕೇವು ಎಂದರೆ ದಾಟಿಸಿದ್ದಕ್ಕೆ ಕೊಡುವ ಹಣ. ಆ ದೇಶದ ಹಡಗಿನವರು ಮನುಷ್ಯರ ತಲೆಯನ್ನು ಎಣಿಸುವುದಕ್ಕೆ ಮೊದಲು ಗಾಡಿಯ ಉದ್ದವೆಷ್ಟು, ಎತ್ತರವೆಷ್ಟು ಎಂದು ಕೇಳುವರು. ಅಳಿಯಂದಿರು ಇದನ್ನು ವಿಚಿತ್ರವೆಂಬಂತೆ ವರ್ಣಿಸಿದಾಗ ನಮಗೆ ನಗು ಬಂದಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ಓದಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಅಲ್ಲಿ ಹೊಳೆ ದಾಟುವ ಬರಿಯ ಬಂಡಿಗೆ ಒಂದು ಪಣ, ಹೊರೆ ಹೊತ್ತ ಮನುಷ್ಯನಿಗೆ ಅರ್ಧ ಪಣ, ಪಶುವಿಗೂ ಹೆಂಗಸಿಗೂ ಕಾಲು ಪಣ, ಬರಿಗೈಯವನಿಗೆ ಅದರಲ್ಲಿಯೂ ಅರ್ಧ ಎಂದು ದರವನ್ನು ಕಟ್ಟಿರುವುದು. ಸರಕು ತುಂಬಿದ ಬಂಡಿಯಾದರೆ ಸರಕಿನ ಬೆಲೆಯಂತೆ. ಇಷ್ಟೇ ಅಲ್ಲ, ಅಂಬಿಗರ ತಪ್ಪಿನಿಂದ ನಷ್ಟವಾದುದನ್ನು ಅಂಬಿಗರೇ ತುಂಬಿಕೊಡತಕ್ಕದ್ದು, ದೈವದಿಂದ ಆದುದಕ್ಕೆ ದಂಡವಿಲ್ಲ ಎಂಬ ಮಾತೂ ಅಲ್ಲಿಯೇ ಇದೆ, ಇಂದಿನ ಟಿಕೀಟಿನ ಬೆನ್ನಿಗೆ ಅಚ್ಚುಮಾಡುವ ಸಣ್ಣಕ್ಷರದ ನಿಬಂಧನೆಗಳ ಮೂಲಪುರುಷನನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಆದರೆ ಈ ದರವು ಹೊಳೆಗೆ ಮಾತ್ರ, ಸಮುದ್ರಕ್ಕೆ ಗೊತ್ತಾದ ದರವಿಲ್ಲವೆಂದೂ ಆತನು ಎಚ್ಚರಿಸಿರುವನು. ಬೇಸಗೆಯ ರಜೆಯಲ್ಲಿ ಒಂದೇ ಹಡಗಿಗೆ ಇಂದು ಒಂದು ಬೆಲೆ, ನಾಳೆ ಇನ್ನೊಂದು ಬೆಲೆ ಹೇಳುವುದನ್ನು ಕಂಡಮೇಲೆ ಆ ಎಚ್ಚರಿಕೆಯೂ ನಿಜವೆಂದು ನಮಗೆ ಮನವರಿಕೆಯಾಗಿದೆ.

ಸಮುದ್ರಯಾನವು ಪತನಕ್ಕೆ ಕಾರಣವೆಂದು ಬೌಧಾಯನರು ಹೇಳಿರುವುದನ್ನು ವಾಚಕರಲ್ಲಿ ಕೆಲವರು ನಮಗೆ ನೆನಪುಮಾಡಬಹುದು. ಅದೇ ಸೂತ್ರಕಾರರು ಬೇರೊಂದು ಕಡೆಯಲ್ಲಿ ಸಮುದ್ರದ ಮೇಲೆ ಹೋಗುವುದು ಉತ್ತರದವರ ದೇಶಾಚಾರಗಳಲ್ಲಿ ಒಂದೆಂದು ಎಣಿಸಿರುವರು. ಹ್ಯಾಂಬರ್ಗು ಉತ್ತರದಲ್ಲಿರುವುದರಲ್ಲಿ ಸಂದೇಹವಿಲ್ಲವಾದ್ದರಿಂದ ನಾವು ಈ ವಿಷಯವನ್ನು ಇಲ್ಲಿಗೇ ಬಿಟ್ಟೆವು.

ಎರಡನೆಯ ಕಡವು ತೀರ ಚಿಕ್ಕದು. ಡೆನ್ಮಾರ್ಕಿನ ಹೆಲ್ಸಿಂಗೋರ್ ಎಂಬಲ್ಲಿಂದ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗಿಗೆ ನಾಲ್ಕು ಕಿಲೋಮೀಟರಿನಷ್ಟು ನೀರು, ಇಪ್ಪತ್ತು ನಿಮಿಷದ ದಾರಿ. ಇನ್ನೂ ತೆಂಕಣಕ್ಕೆ ೨೦೦೦ದಲ್ಲಿ ಕಟ್ಟಿದ ದೊಡ್ಡ ಸೇತುವೆಯೂ ಉಂಟು. ಅಳಿಯಂದಿರು ಸೇತುವೆಯ ಪಕ್ಷ, ನಾವು ಹಡಗಿನ ಪಕ್ಷ. ನಮ್ಮ ಪಕ್ಷಕ್ಕೆ ಕಾರಣವೆಂದರೆ, ಅಲ್ಲಿ ಓಡಾಡುವ ಹಡಗುಗಳಲ್ಲಿ ಒಂದಕ್ಕೆ ಟೈಕೋ ಬ್ರಾಹೆಯ ಹೆಸರಿಟ್ಟಿರುವರು. ದೂರದರ್ಶಕವು ಹುಟ್ಟುವುದಕ್ಕೆ ಮೊದಲೇ ಬರಿಗಣ್ಣಿನಿಂದ ಗ್ರಹಗಳನ್ನು ಅಳೆದ ಆ ಜ್ಯೋತಿಷಿಯ ವೇಧಶಾಲೆ ಇದ್ದುದು ಅದೇ ಜಲಸಂಧಿಯ ವೇನ್ ಎಂಬ ದ್ವೀಪದಲ್ಲಿ. ಆ ಹಡಗು ಈಗ ಎಣ್ಣೆಯನ್ನು ಬಿಟ್ಟು ವಿದ್ಯುತ್ತಿನ ಬ್ಯಾಟರಿಯಿಂದ ನಡೆಯುವುದು; ದಡಕ್ಕೆ ಬಂದೊಡನೆ ಒಂದು ಯಂತ್ರದ ತೋಳು ತಾನಾಗಿಯೇ ಚಾಚಿಕೊಂಡು ಅದಕ್ಕೆ ವಿದ್ಯುತ್ತನ್ನು ಉಣಿಸುವುದು. ಪಂಚಾಂಗವನ್ನು ಓದಬಲ್ಲವನೊಬ್ಬನು ಇಂತಹ ಹಡಗನ್ನು ಬಿಟ್ಟು ಸೇತುವೆಯ ಮೇಲೆ ಹೋಗುವುದು ಉಚಿತವೆ? ಮಗಳು ನಮ್ಮ ಪಕ್ಷಕ್ಕೆ ಸೇರಿದುದರಿಂದ ಹಡಗೇ ಗೆದ್ದಿತು.

ರಹದಾರಿ ವೀಸಾಗಳ ಗೋಜು ನಾವು ಹೆದರಿದಷ್ಟಿರಲಿಲ್ಲ. ಈ ಎಂಟು ದೇಶಗಳೂ ಷೆಂಗೆನ್ ಒಪ್ಪಂದಕ್ಕೆ ಸೇರಿದವಾದ್ದರಿಂದ ಒಂದೇ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶದವರಲ್ಲಿ ಅರ್ಜಿ ಕೊಡತಕ್ಕದ್ದು; ನಮಗೆ ಅದು ಜರ್ಮನಿ. ೧೮೦ ದಿನಗಳಲ್ಲಿ ೯೦ ದಿನ ಮೀರಕೂಡದು; ೩೦,೦೦೦ ಯೂರೋಗೆ ಕಡಮೆಯಿಲ್ಲದ ವೈದ್ಯವಿಮೆ ಇರಬೇಕು. ಲಿಥುವೇನಿಯದಿಂದ ಕಡಲ ಕರೆಯ ಮೇಲೆಯೇ ಪೋಲೆಂಡಿಗೆ ಹೋಗೋಣವೆಂದು ಭೂಪಟದ ಮೇಲೆ ನಾವು ಎಳೆದಿದ್ದ ಗೆರೆಯನ್ನು ಮಾತ್ರ ಅಳಿಸಬೇಕಾಯಿತು; ನಡುವೆ ಕಲಿನಿನ್‌ಗ್ರಾಡ್ ಎಂಬ ರಷ್ಯದ ತುಂಡು ಇದ್ದು, ಅದನ್ನು ಹೊಗಬೇಕಾದರೆ ಬೇರೆಯೇ ವೀಸಾ ಬೇಕು. ಭೂಪಟದಲ್ಲಿ ಅಂಗೈಯಷ್ಟಿಲ್ಲದ ಆ ತುಂಡು ನಮ್ಮನ್ನು ಒಳನಾಡಿನ ದಾರಿಗೆ ತಳ್ಳಿತು. ಹಣದ ತಂಟೆಯೂ ಸ್ವಲ್ಪ ಇದೆ. ಐದು ದೇಶಗಳಲ್ಲಿ ಯೂರೋ ನಡೆಯುವುದು, ಡೆನ್ಮಾರ್ಕು ಸ್ವೀಡನ್ನುಗಳಲ್ಲಿ ಬೇರೆ ಬೇರೆ ಕ್ರೋನಗಳು, ಪೋಲೆಂಡಿನಲ್ಲಿ ಜ್ಲೋಟಿ. ಗೃಹಿಣಿಗೆ ಇವಾವುದರಿಂದಲೂ ಬೇಸರವಾಗಲಿಲ್ಲ. ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯಕೂಡದೆಂಬ ನಿಯಮವನ್ನು ಕೇಳಿ, ಮಗಳಿಗೆಂದು ಕಾಯಿಸಿಡಬೇಕೆಂದಿದ್ದ ತುಪ್ಪವನ್ನು ಬಿಟ್ಟುಹೋಗಬೇಕಲ್ಲಾ ಎಂದು ಮಾತ್ರ ಎರಡು ದಿನ ಕೊರಗಿದಳು. ಅಪ್ಪೆಮಿಡಿಯ ಉಪ್ಪಿನಕಾಯಿಗೆ ಅಡ್ಡಿಯಿಲ್ಲ.

ಇನ್ನು ಮೂರನೆಯ ಕಡವು. ನಮ್ಮ ನಿದ್ದೆಯನ್ನು ಕೆಡಿಸಿದುದು ಇದೇ.

ಸ್ಟಾಕ್‌ಹೋಮಿನಿಂದ ಫಿನ್ಲೆಂಡಿನ ಟುರ್ಕು ಪಟ್ಟಣಕ್ಕೆ ಹಡಗಿನ ಮೇಲೆ ಹತ್ತು ಹನ್ನೊಂದು ಗಂಟೆಯ ಪ್ರಯಾಣ. ದಾರಿಯುದ್ದಕ್ಕೂ ಸಾವಿರಾರು ನಡುಗಡ್ಡೆಗಳು. ನಡುವೆ ಓಲಾಂಡ್ ಎಂಬ ದ್ವೀಪಸಮೂಹದಲ್ಲಿ ಹಡಗು ಕ್ಷಣಕಾಲ ನಿಲ್ಲುವುದು. ಆ ದ್ವೀಪಗಳು ಸುಂಕದ ಕಟ್ಟಿನಿಂದ ಹೊರಗಿರುವುದರಿಂದ ಅಲ್ಲಿ ಮುಟ್ಟಿಬಂದ ಹಡಗಿನ ಅಂಗಡಿಯಲ್ಲಿ ಸರಕುಗಳನ್ನು ಸುಂಕವಿಲ್ಲದೆ ಮಾರಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ಹಡಗು ಹೊರಡುವುದು. ರಾತ್ರಿಯದಾದರೆ ಮಲಗಿ ಏಳುವಷ್ಟರಲ್ಲಿ ಊರು ಬರುವುದು, ವಸತಿಯ ಖರ್ಚೂ ಉಳಿಯುವುದು ಎಂದು ಅಳಿಯಂದಿರ ಸಲಹೆ. ಲೆಕ್ಕಕ್ಕೆ ಸರಿಯಾಗಿದ್ದುದರಿಂದ ನಾವು ಹಾಗೆಯೇ ಬರೆದುಕೊಂಡೆವು.

ಆಮೇಲೆ ಆ ಸಮುದ್ರದ ಚರಿತ್ರೆಯನ್ನು ಓದುತ್ತಾ ೧೯೯೪ನೆಯ ಇಸವಿ ಸೆಪ್ಟೆಂಬರು ೨೮ನೆಯ ತಾರೀಖಿಗೆ ಬಂದು ನಿಂತೆವು. ಅಂದಿನ ನಡುರಾತ್ರಿಯ ಮೇಲೆ, ಟ್ಯಾಲಿನ್ನಿನಿಂದ ಸ್ಟಾಕ್‌ಹೋಮಿಗೆ ಬರುತ್ತಿದ್ದ ಎಸ್ಟೋನಿಯ ಎಂಬ ಹಡಗಿನ ಮೂತಿಯ ಮುಚ್ಚಳವು ಅಲೆಗಳ ಹೊಡೆತಕ್ಕೆ ಕಿತ್ತುಹೋಗಿ, ಮೋಟಾರುಗಳನ್ನು ನಿಲ್ಲಿಸುವ ಅಂತಸ್ತಿಗೆ ನೀರು ನುಗ್ಗಿ, ಹಡಗು ಒಂದು ಗಂಟೆಯೊಳಗಾಗಿ ಮುಳುಗಿತು. ಅದರಲ್ಲಿದ್ದ ೯೮೯ ಮಂದಿಯಲ್ಲಿ ೮೫೨ ಮಂದಿ ತೀರಿಕೊಂಡರು. ಗಾಡಿಗಳ ಅಂತಸ್ತು ಒಂದು ಕೊನೆಯಿಂದ ಇನ್ನೊಂದು ಕೊನೆಯ ವರೆಗೆ ಅಡ್ಡಗೋಡೆಯಿಲ್ಲದ ಬಯಲು. ಅಲ್ಲಿ ನೀರು ಹೊಕ್ಕರೆ ಒಂದು ಪಕ್ಕಕ್ಕೆ ಸರಿದು ನಿಂತು ಹಡಗನ್ನು ಮಗುಚುವುದು.

ಇದನ್ನು ಗೃಹಿಣಿಗೆ ಹೇಳುವುದೋ ಬೇಡವೋ ಎಂದು ಮೂರು ದಿನ ಯೋಚಿಸಿದೆವು. ಹೇಳದಿದ್ದರೆ ಪ್ರಯಾಣವು ಸುಖವಾಗಿ ನಡೆದೀತು. ಆದರೆ ಆಕೆಗೆ ಒಂದು ಸಲ ನೀರಿನ ವಿಷಯದಲ್ಲಿ, ಎಲ್ಲವೂ ಸರಿಯಾಗುವುದು, ಹೊತ್ತಿದೆ, ಎಂದು ನಾವು ಹೇಳಿದ್ದೆವು.

ಅದು ೧೯೯೬ನೆಯ ಇಸವಿ. ಆಕೆಯ ತವರು ತುಮರಿಯ ಕಡೆಯ ಒಂದು ಹಳ್ಳಿ. ಲಿಂಗನಮಕ್ಕಿಯ ಹಿನ್ನೀರಿನ ಆಚೆ. ಸಾಗರದಿಂದ ಅಲ್ಲಿಗೆ ಹೋಗಬೇಕಾದವರಿಗೆ ಹೊಳೆಬಾಗಿಲ ಲಾಂಚು ಒಂದೇ ದಾರಿಯೆನ್ನಬೇಕು. ನೆಲದ ಮೇಲಿನ ಸುತ್ತುದಾರಿ ಹೊಸನಗರ, ನಗರಗಳ ಮೇಲೆ ಕಾಡಿನಲ್ಲಿ ಹಾದುಹೋಗುವುದು, ರಾತ್ರಿಯಲ್ಲಿ ವಾಹನ ಸಿಕ್ಕುವುದಲ್ಲ. ಮಧ್ಯಾಹ್ನ ಊರಿನಿಂದ ಬಂದ ಒಬ್ಬರು ನಮ್ಮ ಅತ್ತೆಯವರಿಗೆ ಕಾಯಿಲೆ ಜೋರಾಗಿದೆಯೆಂದು ತಿಳಿಸಿದರು. ಗೃಹಿಣಿ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಶಾಲೆಯ ಬಾಗಿಲಿಗೇ ಬಂದಳು. ನಮ್ಮ ಮುಂದೆ ಪರೀಕ್ಷೆಯ ಕಾಗದಗಳ ಕಟ್ಟು ಇದ್ದಿತು. ಅಂಕಗಳನ್ನು ಅಂದೇ ಕೂಡಿ ಒಪ್ಪಿಸಬೇಕಾಗಿದ್ದಿತು. ಬೇರೊಬ್ಬರ ಕೈಗೆ ಕೊಟ್ಟು ಹೊರಡಬಹುದಾಗಿತ್ತು. ಇನ್ನು ಇಪ್ಪತ್ತು ಕಾಗದ, ಲಾಂಚಿಗೆ ಬೇಕಾದಷ್ಟು ಹೊತ್ತಿದೆ, ಎಂದೆವು. ಕಡವಿಗೆ ತಲಪಿದಾಗ ಕೊನೆಯ ಲಾಂಚು ನೀರಿನ ನಡುವೆ ಇದ್ದಿತು. ಕೂಗಿದರೆ ಕೇಳುವ ದೂರವಲ್ಲ. ಆ ರಾತ್ರಿ ದಡದಲ್ಲಿಯೇ ಚೀಲಗಳ ಮೇಲೆ ಕುಳಿತಿದ್ದೆವು. ಆಚೆಯ ದಡದಲ್ಲಿ ಒಂದೆರಡು ದೀಪಗಳು ಕಾಣುತ್ತಿದ್ದವು. ಬೆಳಗಿನ ಮೊದಲನೆಯ ಲಾಂಚಿನಲ್ಲಿ ದಾಟಿ ಮನೆ ಸೇರುವುದಕ್ಕೆ ಸ್ವಲ್ಪ ಮುಂಚೆ, ಬೆಳ್ಳಿ ಮೂಡುವ ಹೊತ್ತಿಗೆ, ಅತ್ತೆಯವರು ಹೋಗಿಬಿಟ್ಟಿದ್ದರು. ಅಂದಿನಿಂದ ಇಂದಿನ ವರೆಗೆ ಗೃಹಿಣಿ ಆ ಇಪ್ಪತ್ತು ಕಾಗದಗಳ ಸುದ್ದಿಯನ್ನು ಒಂದು ಸಲವೂ ಎತ್ತಿದವಳಲ್ಲ. ಯಾವ ಬಸ್ಸಿಗೆ, ಯಾವ ರೈಲಿಗೆ ಹೊರಟರೂ, ತಪ್ಪಿದರೆ ಏನು, ಎಂದು ಮಾತ್ರ ಕೇಳುವಳು.

ಆದಕಾರಣ ಎಸ್ಟೋನಿಯ ಹಡಗಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಆಮೇಲೆ ಏನು ಮಾಡಿದರಂತೆ?" ಎಂದು ಕೇಳಿದಳು. ಮೂತಿಯ ಬಾಗಿಲುಗಳನ್ನೂ ಅವುಗಳ ಕೊಂಡಿಗಳನ್ನೂ ಬಲಪಡಿಸಿದುದನ್ನು ಹೇಳಿದೆವು. ಗಾಡಿಯ ಅಂತಸ್ತಿಗೆ ನೀರು ಹೊಕ್ಕರೂ ಹಡಗು ನೆಟ್ಟಗೆ ನಿಲ್ಲಬೇಕೆಂದು ೧೯೯೬ರಲ್ಲಿ ಉತ್ತರ ಐರೋಪ್ಯ ದೇಶಗಳು ಸ್ಟಾಕ್‌ಹೋಮಿನಲ್ಲಿ ಒಪ್ಪಂದ ಮಾಡಿಕೊಂಡುದನ್ನೂ ಹೇಳಿದೆವು. "ಅದೇ ವರ್ಷ," ಎಂದಳು. ಅಷ್ಟೇ.

ನಾವು ರಾತ್ರಿಯ ಹಡಗನ್ನು ಹೊಡೆದುಹಾಕಿ ಬೆಳಗಿನದನ್ನು ಬರೆದೆವು. ಹಗಲಿನಲ್ಲಿ ಹೋದರೆ ನಡುಗಡ್ಡೆಗಳನ್ನು ನೋಡಿದಂತಾಗುವುದೆಂದು ಅಳಿಯಂದಿರಿಗೆ ಕಾರಣ ಕೊಟ್ಟೆವು, ಅದೂ ಸುಳ್ಳಲ್ಲ. ಮುಂಚಿನ ರಾತ್ರಿ ಸ್ಟಾಕ್‌ಹೋಮಿನಲ್ಲಿ ರೇವಿನ ಹತ್ತಿರದಲ್ಲಿಯೇ ತಂಗತಕ್ಕದ್ದು. ತಪ್ಪಿದರೆ, ಸಂಜೆಯದು. ಹಡಗಿಗೆ ಗಾಡಿಯನ್ನು ಹತ್ತಿಸಿದ ಮೇಲೆ ಕೈಬ್ರೇಕು ಎಳೆದು, ಗೇರಿನಲ್ಲಿ ನಿಲ್ಲಿಸಿ, ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಬೇಕು. ಸಮುದ್ರದ ಮೇಲಿರುವಷ್ಟು ಹೊತ್ತೂ ಗಾಡಿಯ ಅಂತಸ್ತಿಗೆ ಬೀಗ. ಆದ್ದರಿಂದ ಔಷಧಿ, ಕನ್ನಡಕ, ಶಾಲು, ಅವಲಕ್ಕಿಯ ಡಬ್ಬಿ ಇವಿಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಗಾಡಿಯ ಕಳ್ಳಗಂಟೆಯನ್ನು ಆರಿಸದಿದ್ದರೆ ಹಡಗಿನ ತೂಗಾಟಕ್ಕೆ ಅದು ಕೂಗಿಕೊಳ್ಳುವುದಂತೆ. ಗಡಿಯಾರದ ಸಂಗತಿ ಇನ್ನೊಂದು: ಫಿನ್ಲೆಂಡಿನ ಹೊತ್ತು ಸ್ವೀಡನ್ನಿನದಕ್ಕಿಂತ ಒಂದು ಗಂಟೆ ಮುಂದು, ಎಸ್ಟೋನಿಯದಿಂದ ಲಿಥುವೇನಿಯದ ವರೆಗೂ ಹಾಗೆಯೇ, ಪೋಲೆಂಡಿನಲ್ಲಿ ಆ ಗಂಟೆ ಮರಳಿ ಬರುವುದು. ಒಂದು ಗಂಟೆಯ ಮರೆವಿನಿಂದ ಕಡವು ತಪ್ಪುವ ಜಾಗ ಇದೇ ಎಂದು ಕೆಂಪು ಶಾಯಿಯಲ್ಲಿ ಬರೆದಿರುವೆವು. ಜೂನ್ ತಿಂಗಳ ಕೊನೆಯಲ್ಲಿ ಹೆಲ್ಸಿಂಕಿಯಲ್ಲಿ ಸೂರ್ಯನು ರಾತ್ರಿ ಹತ್ತೂಮುಕ್ಕಾಲರ ಮೇಲೆ ಮುಳುಗಿ ನಾಲ್ಕಕ್ಕೆ ಮುಂಚೆ ಹುಟ್ಟುವನು. ಸಾಯಂಸಂಧ್ಯೆಯನ್ನು ಯಾವಾಗ ಮಾಡತಕ್ಕದ್ದೆಂಬುದಕ್ಕೆ ಆ ಐದನೆಯ ಮನೆಯಲ್ಲಿಯೂ ಉತ್ತರವಿಲ್ಲ.

ನಾಲ್ಕನೆಯದು ಹೆಲ್ಸಿಂಕಿಯಿಂದ ಟ್ಯಾಲಿನ್ನಿಗೆ, ೮೦ ಕಿಲೋಮೀಟರು, ಎರಡು ಗಂಟೆ. ದಿನಕ್ಕೆ ಅನೇಕ ಹಡಗುಗಳು ಇರುವುದರಿಂದ ಹೇಳತಕ್ಕದ್ದೇನೂ ಇಲ್ಲ.

ಅಲ್ಲಿಂದ ಮುಂದಿನ ನೆಲದ ದಾರಿಯಲ್ಲಿ ನಮ್ಮ ಸ್ವಾರ್ಥವಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಫಿನ್ಲೆಂಡು ಎಸ್ಟೋನಿಯಗಳ ಭಾಷೆಗಳು ಸಂಸ್ಕೃತದ ಬಳಗಕ್ಕೆ ಸೇರಿದವಲ್ಲ. ಫಿನ್ನಿಷ್ ಭಾಷೆಗೆ ವಿಭಕ್ತಿಗಳು ಹದಿನೈದು. ಏಳನ್ನು ಕಲಿಸುವುದರಲ್ಲಿಯೇ ನಮ್ಮ ಬೆತ್ತ ಸವೆದುಹೋಯಿತು. ಅಲ್ಲಿಯ ಪಂಡಿತರ ಪಾಡನ್ನು ನೆನೆದು ಮರುಗಿದೆವು. ಆದರೆ ಲಿಥುವೇನಿಯದ ರೈತನು ಮಗನನ್ನು ಸೂನುಸ್ ಎನ್ನುವನು, ಹೊಗೆಯನ್ನು ದೂಮಸ್ ಎನ್ನುವನು, ಬೆಂಕಿಯನ್ನು ಉಗ್ನಿಸ್, ಕುರಿಯನ್ನು ಅವಿಸ್, ದೇವರನ್ನು ದಿಯೆವಸ್ ಎನ್ನುವನು. ಸೂನುಃ, ಧೂಮಃ, ಅಗ್ನಿಃ, ಅವಿಃ, ದೇವಃ ಎಂದು ಮೂವತ್ತನಾಲ್ಕು ವರ್ಷ ಹುಡುಗರಿಂದ ಹೇಳಿಸಿದವರಿಗೆ ಇದು ಎಂತಹ ಸಂತೋಷವೆಂಬುದನ್ನು ಬೇರೆ ಹೇಳಬೇಕೆ? ನಮ್ಮಲ್ಲಿ ವಿಸರ್ಗವಾಗಿ ಕರಗಿದ ಸಕಾರವು ಅಲ್ಲಿಯ ಸಂತೆಯಲ್ಲಿ ಇನ್ನೂ ಸಕಾರವಾಗಿಯೇ ಓಡಾಡುತ್ತಿರುವುದು. ವಿಲ್ನ್ಯೂಸ್ ಪಟ್ಟಣದಲ್ಲಿ ಒಂದು ದಿನವೆಂದು ಮಗಳು ಬರೆದಿದ್ದುದನ್ನು ನಾವು ಯಾರಿಗೂ ಹೇಳದೆ ಮೂರು ಮಾಡಿರುವೆವು. ವೇಳಾಪಟ್ಟಿ ಹಾಕುವವನಿಗೆ ಅಷ್ಟಾದರೂ ಲಾಭ ಬೇಡವೆ? ಆ ಎರಡು ದಿನಗಳನ್ನು ಪೋಲೆಂಡಿನ ಲೆಕ್ಕದಿಂದ ಕಡಿದೆವು.

ಪಟ್ಟಿ ಮುಗಿದ ವಾರ ಗೃಹಿಣಿ, ಸಿಗಂದೂರಿಗೆ ಹೋಗಿಬರೋಣವೆಂದಳು. ೨೦೨೫ರ ಜುಲೈ ತಿಂಗಳಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆದ ಮೇಲೆ ನಾವು ಆ ಕಡೆಗೆ ಹೋಗಿರಲಿಲ್ಲ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಮೆಯಾದ ಸೇತುವೆಯನ್ನು ಗಾಡಿಯು ಮೂರು ನಿಮಿಷದಲ್ಲಿ ದಾಟಿಸಿಬಿಟ್ಟಿತು. ದೇವಿಯ ದರ್ಶನ ಮಾಡಿಕೊಂಡು ಹಿಂದಿರುಗುವಾಗ ಆಕೆ ಹಳೆಯ ಕಡವಿನ ದಡಕ್ಕೆ ಹೋಗಬೇಕೆಂದಳು. ನೀರು ಇಳಿದು ಕೆಮ್ಮಣ್ಣು ಬಿರಿದಿದ್ದಿತು. ನಾವು ಅಂದು ರಾತ್ರಿ ಕುಳಿತಿದ್ದ ಜಾಗ ಇಂಥದೇ ಎಂದು ಗುರುತು ಹತ್ತಲಿಲ್ಲ. ಅಂದಾಜಿನ ಮೇಲೆ ಒಂದು ಕಡೆ ಕುಳಿತುಕೊಂಡೆವು.

ಇಪ್ಪತ್ತು ಕಾಗದಗಳ ಮಾತನ್ನು ನಾವೇ ಎತ್ತಿದೆವು. ಬೇರೆಯವರ ಕೈಗೆ ಕೊಟ್ಟು ಹೊರಡಬೇಕಾಗಿತ್ತು, ನಮ್ಮದೇ ತಪ್ಪು, ಎಂದೆವು.

ಆಕೆ, "ಗೊತ್ತು. ನೀವು ಪ್ರತಿಯೊಂದು ಪ್ರಯಾಣಕ್ಕೂ ಒಂದು ಗಂಟೆ ಮುಂಚೆ ಹೊರಡಿಸುವುದನ್ನು ನೋಡುತ್ತಾ ಬಂದಿದ್ದೇನೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ನಾಲ್ಕು ಕಡವಿಗೂ ಟಿಕೀಟು ಮಾಡಿಸಲಿಕ್ಕೆ ಹೇಳಿ," ಎಂದಳು.

ಅಂದು ರಾತ್ರಿಯೇ ಮಗಳಿಗೆ ತಿಳಿಸಿದೆವು. ಸ್ಟಾಕ್‌ಹೋಮಿನ ಟಿಕೀಟಿಗೆ ಗಾಡಿಯ ಎತ್ತರವನ್ನು ಬರೆಯಬೇಕಾಗಿದೆ. ಗಾಡಿಯ ನೆತ್ತಿಯ ಮೇಲೆ ಸಾಮಾನಿನ ಪೆಟ್ಟಿಗೆಯನ್ನು ಕಟ್ಟುವುದಾದರೆ ಅದನ್ನೂ ಕೂಡಿಸಬೇಕು. ಅಳಿಯಂದಿರು ಭಾನುವಾರ ಟೇಪು ಹಿಡಿದು ಅಳೆದು ಹೇಳುವುದಾಗಿ ಒಪ್ಪಿಕೊಂಡಿರುವರು.